ದ್ಯಾವೀರಕ್ಕನ ಮುಯ್ಯಿ

ಶ್ರಾವಣದ ಬಿಸಿಲು ಮೋಡದೊಳಗೆ ಹೊಕ್ಕು ಹೊರಬರುತ್ತಿತ್ತು. ದ್ಯಾವೀರಕ್ಕನ ರಾಗಿ ಹೊಲದಲ್ಲಿ ಕಳೆ ಕೀಳುವವರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಮುಂದೆ ಸಾಗಿದ್ದರು. ನನ್ನ ಸಾಲು ಮಾತ್ರ ಹಿಂದೆ ಉಳಿದಿತ್ತು. ಮುಯ್ಯಿ ಎಂದರೆ ಆಳಿಗೆ ಆಳು; ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು. ಆಳು ತಪ್ಪಿಸಿದ ಮನೆಯ ಹೊಲಕ್ಕೆ ಯಾರೂ ಇಳಿಯುತ್ತಿರಲಿಲ್ಲ.

ಇತಿಹಾಸದಲ್ಲಿ ಎಂ.ಎ. ಮುಗಿಸಿ ನಾನು ಊರಲ್ಲಿ ಕುಳಿತ ಎರಡನೆಯ ಮಳೆಗಾಲ ಅದು. "ಸತ್ತ ರಾಜರು ಸಂಬಳ ಕೊಡ್ತಾರೇನೋ?" ಎಂದು ಪಕ್ಕದ ಸಾಲಿನಿಂದ ಅಣ್ಣ ಕೇಳಿದ. ಹೆಂಗಸರು ನಕ್ಕರು. ಮರುದಿನ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ನನಗೆ ಸಂದರ್ಶನವಿತ್ತು. ಕಳೆ ಇನ್ನೂ ಅರ್ಧ ಹೊಲ ಉಳಿದಿತ್ತು.

"ಇಬ್ಬರು ಬರ್ತೀವಿ ಅಂತ ಒಪ್ಪಿದ್ದೀವಿ. ನೀನು ಹೋದ್ರೆ ನಾಳಿದ್ದು ನಮ್ಮ ಹೊಲಕ್ಕೆ ಯಾರು ಬರ್ತಾರೆ?" ಎಂದ ಅಣ್ಣ.

ದ್ಯಾವೀರಕ್ಕ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದು ನಿಂತಳು. "ನೀನು ಹೋಗಪ್ಪ. ನಿನ್ನ ಸಾಲು ನಾನು ಹಿಡೀತೀನಿ. ನಿಮ್ಮ ಹೊಲಕ್ಕೂ ಬರ್ತೀನಿ. ಒಂದು ಮುಯ್ಯಿ ನಿನ್ನ ಮೇಲಿರ್ಲಿ."

ಕೆಲಸ ಸಿಕ್ಕಿತು. ಶಾಸನದ ಕಲ್ಲುಗಳ ನಡುವೆಯೇ ನನ್ನ ತಲೆ ನರೆಯಿತು. ಒಂದು ಹಬ್ಬಕ್ಕೆ ದ್ಯಾವೀರಕ್ಕನಿಗೆ ಸೀರೆ ತಂದುಕೊಟ್ಟೆ. ಅಂಚು ಸವರಿ ನೋಡಿ, "ಇದು ಸೀರೆ ಕಣಪ್ಪ, ಮುಯ್ಯಿ ಬೇರೆ" ಎಂದಳು.

ಅವಳು ಕರೆಕಳಿಸಿದ್ದು ಎಷ್ಟೋ ವರ್ಷಗಳ ಮೇಲೆ, ಇನ್ನೊಂದು ಶ್ರಾವಣದಲ್ಲಿ. ಮೊಮ್ಮಗಳು ಜಯಶೀಲ ಸಾಹಿತ್ಯ ಓದಿದ್ದಳು. ಭಾಷಾಂತರದ ಕೆಲಸಕ್ಕೆ ಮರುದಿನ ಪಟ್ಟಣದಲ್ಲಿ ಸಂದರ್ಶನ. ಕಳೆ ಮುಗಿಯುವವರೆಗೆ ಊರು ದಾಟಕೂಡದೆಂದು ಅವಳ ಅಪ್ಪ ಹಟ ಹಿಡಿದಿದ್ದ. ಕರೆಸಿದ್ದು ಯಾತಕ್ಕೆಂದು ನನಗೆ ಗೊತ್ತಾಯಿತು ಅಂದುಕೊಂಡೆ.

"ಅಲ್ಲಿ ನನಗೆ ಗುರುತಿನವರಿದ್ದಾರೆ ಅಕ್ಕ. ಒಂದು ಮಾತು ಹೇಳ್ತೀನಿ."

"ಮಾತು ಅವಳೇ ಆಡ್ತಾಳೆ," ಎಂದಳು ದ್ಯಾವೀರಕ್ಕ. "ನೀನು ಅವಳ ಸಾಲು ಹಿಡಿ."

ಬೆಳಗಿನ ಬಸ್ಸಿಗೆ ಹುಡುಗಿ ಹೊರಟಳು. ನಾನು ಪ್ಯಾಂಟು ಮಡಚಿಕೊಂಡು ಹೊಲಕ್ಕಿಳಿದೆ. ಅವಳ ಅಪ್ಪ ನನ್ನನ್ನೊಮ್ಮೆ ನೋಡಿ ಅವಳ ಸಾಲು ತೋರಿಸಿದ. ಬಿಸಿಲೇರುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು, ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ತಲೆಯೆತ್ತಿದಾಗ ನನ್ನ ಸಾಲಿನ ಆ ತುದಿಯಲ್ಲಿ ಯಾರೋ ಕುಕ್ಕರುಗಾಲಲ್ಲಿ ಕುಳಿತು ಕಳೆ ಕೀಳುತ್ತ ಎದುರು ಬರುತ್ತಿದ್ದರು. ಹೊಲದ ಕಡೆ ಬರುವುದನ್ನೇ ಬಿಟ್ಟಿದ್ದ ದ್ಯಾವೀರಕ್ಕ.

"ಹೀಗಾದ್ರೆ ನನ್ನ ಮುಯ್ಯಿ ತೀರೋದು ಹೆಂಗಕ್ಕ?"

"ಅರ್ಧ ಉಳೀಲಿ ಬಿಡು. ಅವಳ ತಂಗೀನೂ ಅದನ್ನೇ ಓದ್ತಾವ್ಳೆ."

ನಮ್ಮಿಬ್ಬರ ನಡುವೆ ಕಳೆಯ ಹಸಿರು ಗೇಣು ಗೇಣಾಗಿ ಕಿರಿದಾಗುತ್ತ ಬಂತು.