ಕರಿ ದಿನದ ಊಟ

"ವಾರಿಜಾ ಬರೂದಿಲ್ಲ ಬಿಡ ಅಕ್ಕಾ. ನೀ ನೀಡು," ಎಂದು ನಾಗವ್ವ ಗೋಡೆಗೆ ಒರಗಿ ಕಾಲು ಚಾಚಿದಳು.

ಅಂಬವ್ವ ಇದ್ದಿಲ ಶೇಗಡಿಯ ಮೇಲಿದ್ದ ಕಟ್ಟಿನ ಸಾರನ್ನು ಸೌಟಿನಿಂದ ತಿರುವಿದಳು. ಯುಗಾದಿಯ ಸಾರು ಒಂದು ರಾತ್ರಿ ಕಳೆದು, ಮತ್ತೆ ಕುದಿ ಹತ್ತಿದಾಗ ನಿನ್ನೆಗಿಂತ ಹೆಚ್ಚು ಘಮಘಮಿಸುತ್ತಿತ್ತು. ಅವಳ ತವರಾದ ಧಾರವಾಡದ ಕಡೆ ಹಬ್ಬದ ಮರುದಿನಕ್ಕೆ ಕರಿ ಎನ್ನುತ್ತಾರೆ. ಅಂದು ಅವಳ ತಾಯಿ ಗೆಳತಿಯರನ್ನೆಲ್ಲ ಕರೆದು, ಅವರವರ ಮನೆಯಲ್ಲಿ ಉಳಿದದ್ದನ್ನು ನಡುವೆ ಇಟ್ಟುಕೊಂಡು ಉಣ್ಣುತ್ತಿದ್ದಳು. ದಾದರಿನ ಚಾಳಿಗೆ ಬಂದ ಮೇಲೂ ಅಂಬವ್ವ ಅದನ್ನು ಬಿಟ್ಟಿರಲಿಲ್ಲ. ಪಕ್ಕದ ಖೋಲಿಯ ನಾಗವ್ವ ಚಿತ್ರಾನ್ನದ ಡಬ್ಬಿ ತಂದಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಗ್ಯಾಲರಿಯಲ್ಲಿ ಒಣಹಾಕಿದ ಸೀರೆಗಳೊಳಗಿಂದ ಬಿಸಿಲು ಹಸಿರಾಗಿ, ಕೆಂಪಾಗಿ ಒಳಗೆ ಬಂದು ನೆಲದ ಮೇಲೆ ನೀರಿನಂತೆ ಅಲುಗುತ್ತಿತ್ತು.

"ಯಾಕ ಬರೂದಿಲ್ಲ? ಮುಂಜಾನೆ ಪಾವಟಿಗಿ ಇಳಿಯಾಕತ್ತಾಗ ಸಿಕ್ಕಿದ್ಲು, ನಾನ ಕರದೇನಿ. ನಿನ್ನಿದು ಉಳದೈತಿ, ಉಣ್ಣಾಕ ಬಾ ಅಂದೇನಿ."

"ಅದಕ್ಕ ಸಿಟ್ಟಾಗ್ಯಾಳ. ಹಬ್ಬದ ದಿನ ಊರ ಮಂದೀನೆಲ್ಲಾ ಕರದ್ರು, ನನ್ನ ಕರೀಲಿಲ್ಲ, ಇವತ್ತ ಮಿಕ್ಕಿದ್ದಕ್ಕ ಕರೀತಾರ, ನಮ್ಮನ್ಯಾಗ ಅದನ್ನ ಕೆಲಸದವ್ರಿಗೆ ಕೊಡ್ತೇವಿ ಅಂತ ನನ್ನ ಮುಂದ ಅಂದ್ಳು. ಕಣ್ಣಾಗ ನೀರ ಬಂದಿತ್ತ."

ಅಂಬವ್ವನ ಕೈಯ ಸೌಟು ನಿಂತಿತು. ವಾರಿಜಾ ಉಡುಪಿ ಕಡೆಯ ಹುಡುಗಿ. ಗಂಡ ರಮಾನಾಥನಿಗೆ ಫೋರ್ಟಿನ ಹೋಟೆಲಿನಲ್ಲಿ ಕೆಲಸ. ದೀಪಾವಳಿ ಕಳೆದ ಮೇಲೆ ಮದುವೆಯಾಗಿ ಬಂದವಳು ಬಾಗಿಲು ಹಾಕಿಕೊಂಡು ಅಳುತ್ತಿದ್ದಾಗ, ತಟ್ಟಿ ತೆಗೆಸಿದವಳು ಅಂಬವ್ವನೇ. ಆಮೇಲೆ ದಿನಕ್ಕೆಷ್ಟು ಸಲವೋ "ಅಂಬಕ್ಕಾ" ಎನ್ನುತ್ತ ಬರುತ್ತಿದ್ದಳು. ಇವತ್ತು ಸುಮ್ಮನಿದ್ದರೆ ಆ ಕರೆ ಇನ್ನು ಕೇಳಿಸದು. ಚಾಳಿನಲ್ಲಿ ಮುನಿದು ಮುಚ್ಚಿದ ಬಾಗಿಲುಗಳನ್ನು ಅಂಬವ್ವ ಬಹಳ ಕಂಡಿದ್ದಳು.

ನಿನ್ನೆ ಬಂದವರು ಅಂಬವ್ವನ ಗಂಡನ ಬ್ಯಾಂಕಿನ ಸಾಹೇಬರು. ಅವರು ಉಂಡು, ಎಲೆಯಡಿಕೆ ಹಾಕಿಕೊಂಡು ಏಳುವ ತನಕ ಅವಳು ತಲೆಯ ಮೇಲೆ ಸೆರಗು ಹೊದ್ದು ಒಲೆಯ ಮೂಲೆಯಲ್ಲಿ ನಿಂತೇ ಇದ್ದಳು. ಅಂಥ ಊಟಕ್ಕೆ ವಾರಿಜಾಳನ್ನು ಕರೆದು ಎಲ್ಲಿ ಕೂರಿಸುವುದು? ಹಾಗೆಂದು ಬಿಡಿಸಿ ಹೇಳಬೇಕಿತ್ತು ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ನಾಕ ಹೋಳಿಗಿ ಕಟಗೊಂಡ ಹೋಗಿ ಕೊಟ್ಟ ಬಾ," ಎಂದಳು ನಾಗವ್ವ.

"ಹಂಗ ಮಾಡಿದ್ರ ಮಿಕ್ಕಿದ್ದ ಕೊಟ್ಟಂಗನ ಆಗತೈತಿ." ಅಂಬವ್ವ ಬರಿಗೈಯಲ್ಲಿ ಎದ್ದು ಹೋದಳು.

ವಾರಿಜಾಳ ಬಾಗಿಲು ಅರೆ ತೆರೆದಿತ್ತು. ಅವಳು ಒಬ್ಬಳೇ ಕುಳಿತು, ರಾತ್ರಿ ನೀರು ಹಾಕಿಟ್ಟ ಅನ್ನವನ್ನು ಮೊಸರಿನಲ್ಲಿ ಕಲಸಿ ಮಾವಿನ ಮಿಡಿ ನೆಂಚಿಕೊಂಡು ಉಣ್ಣುತ್ತಿದ್ದಳು. ಅಂಬವ್ವನನ್ನು ಕಂಡವಳೇ ಬಟ್ಟಲನ್ನು ಬೆನ್ನ ಹಿಂದೆ ಸರಿಸಿದಳು.

"ಏನ ಉಣ್ಣಾಕತ್ತಿ?"

"ಎಂತದೂ ಇಲ್ಲ."

"ನನಗೂ ಹಸಿವ್ಯಾಗೇತಿ ತಂಗಿ. ಒಂದ ತುತ್ತ ಹಾಕು."

"ಅಯ್ಯೋ, ಇದು ನಿನ್ನೆಯ ತಂಗಳು. ಬಂದವರಿಗೆ ಕೊಡುವಂಥದ್ದಾ?"

"ಹೊರಗಿನವ್ರಿಗೆ ಕೊಡೂದಲ್ಲ, ಖರೆ." ಅಂಬವ್ವ ಅವಳೆದುರು ನೆಲದ ಮೇಲೆ ಕುಳಿತೇಬಿಟ್ಟಳು. "ನಾ ಹೊರಗಿನಾಕಿ ಏನು? ಹಂಗಂದ್ರ ಎದ್ದ ಹೋಗ್ತೇನಿ."

ವಾರಿಜಾ ಅವಳ ಮುಖವನ್ನೇ ನೋಡಿದಳು. ದೂರದಲ್ಲೆಲ್ಲೋ ಟ್ರಾಮಿನ ಗಂಟೆ ಕೇಳಿಸಿ, ನಿದ್ದೆಗಣ್ಣಿನ ಮಾತಿನಂತೆ ಕರಗಿತು. "ಹಾಗಾದ್ರೆ ಬೆಳಿಗ್ಗೆ ನೀವು ನನ್ನನ್ನು ಒಳಗಿನವಳು ಅಂತ ಕರೆದದ್ದಾ?" ಎಂದವಳೇ ಎದ್ದು ಇನ್ನೊಂದು ಬಟ್ಟಲು ತಂದಳು. "ಮಿಡಿ ಭಾರಿ ಖಾರ ಉಂಟು, ಮೆಲ್ಲ ಕಚ್ಚಿ," ಎಂದಳು.

ಅಂಬವ್ವ ಮೆಲ್ಲಗೆ ಕಚ್ಚಲಿಲ್ಲ. ಕಣ್ಣು ಮೂಗಿನಲ್ಲೆಲ್ಲ ನೀರಿಳಿಯಿತು. "ಯವ್ವಾ! ಇದನ್ನ ತಿಂದನ ನಿನಗ ಇಷ್ಟ ಸಿಟ್ಟು!"

ವಾರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಹೋಳಿಗೆ ಉಂಟಾ ಅಂಬಕ್ಕ, ಮುಗಿಯಿತಾ?"

"ನಾಗವ್ವನ ಕೈಯಾಗ ಬಿಟ್ಟ ಬಂದೇನಿ. ಲಗೂನ ನಡಿ!"

ಉಳಿದ ತಂಗಳನ್ನ ಮತ್ತು ಉಪ್ಪಿನಕಾಯಿ ಭರಣಿಯೊಂದಿಗೆ ಇಬ್ಬರೂ ಬಂದರು. ತಂಗಳನ್ನಕ್ಕೆ ಕಟ್ಟಿನ ಸಾರು, ಹೋಳಿಗೆಗೆ ಮಿಡಿ, ಯಾವುದರ ಜೊತೆಗೆ ಯಾವುದು ಎಂದು ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿದಂತೆ ಮಾತು ನಿಧಾನವಾಯಿತು. ನಾಗವ್ವ ಮಲಪ್ರಭೆಯ ದಂಡೆಯ ತಂಪಿನ ಬಗ್ಗೆ ಹೇಳಿದಳು. ವಾರಿಜಾ ಕುಳಿತಲ್ಲೇ ನೆಲಕ್ಕೆ ಒರಗಿ, ತವರಿನ ಅಂಗಳಕ್ಕೆ ಸಮುದ್ರದ ಸದ್ದು ಕೇಳಿಸುತ್ತದೆ, ಮಧ್ಯಾಹ್ನ ಅಮ್ಮ ಚಾಪೆ ಹಾಸಿ, ಎನ್ನುತ್ತಿದ್ದಳು. ಚಾಪೆ ಹಾಸಿ ಏನು ಮಾಡುತ್ತಿದ್ದರೆಂಬುದು ಬರಲಿಲ್ಲ. ನಿದ್ದೆ ಬಂದಿತ್ತು.

"ಕೈ ಸೈತ ತೊಳದಿಲ್ಲ, ಎಬ್ಬಸ್ತೇನಿ," ಎಂದಳು ನಾಗವ್ವ.

ಅಂಬವ್ವ ಬೇಡವೆಂದು ತಲೆಯಾಡಿಸಿದಳು. ನೆಲದ ಮೇಲೆ ತೆರೆದು ಬಿದ್ದಿದ್ದ ಆ ಕೈಯ ಬೆರಳಿಗೆ ಹೂರಣ ಒಣಗಿ ಅಂಟಿತ್ತು. ಅದರ ವಾಸನೆ ಹಿಡಿದು ಒಂದು ಇರುವೆ ಬರುತ್ತಿತ್ತು. ಅಂಬವ್ವ ಸದ್ದಾಗದಂತೆ ತನ್ನ ಕೈಯನ್ನು ನಡುವೆ ಇಟ್ಟಳು. ಇರುವೆ ತುಸು ಹೊತ್ತು ನಿಂತು, ಅವಳ ಬೆರಳನ್ನೇ ಹತ್ತಿ, ಮೆಲ್ಲಗೆ ಬಳೆಗಳ ಕಡೆಗೆ ನಡೆಯಿತು.