ಗಂಟೆಯ ಊರು

ಆ ರೇಡಿಯೋಗೆ ಮುಳ್ಳಿರಲಿಲ್ಲ, ತಿರುಚಲು ಕಿವಿಯೂ ಇರಲಿಲ್ಲ. ಅಂಗೈಯಗಲದ ಕಪ್ಪು ಪೆಟ್ಟಿಗೆ. ಗಾಜಿನೊಳಗೆ ಅಂಕಿ ಮೂಡುತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಗಳ ಎದೆಯ ಪರೀಕ್ಷೆ ಮುಗಿಸಿ ಹೊರಬಂದಾಗ ವೀರಬಸಪ್ಪ, ಏನು ಬೇಕೋ ಕೇಳು ಎಂದಿದ್ದ. ಗಂಗಾಶ್ರೀ ಸೀರೆಯಂಗಡಿಗಳನ್ನೆಲ್ಲ ದಾಟಿ ಹೋಗಿ ಇದನ್ನು ತೋರಿಸಿದ್ದಳು.

ಕಾಲೇಜಿನ ಮೆಟ್ಟಿಲು ಹತ್ತಲಾಗದೆ ಅವಳು ಶಿಕಾರಿಪುರದ ಮನೆಯಲ್ಲೇ ಉಳಿದ ವರ್ಷ ಅದು. ಸೊರಬದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸೋದರಮಾವ ಚನ್ನೇಶ್ ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಮನೆಯ ಫೋನಿಗೆ ತಂತಿ ಎಳೆದು ಕೊಟ್ಟಿದ್ದ. ಶಿವಮೊಗ್ಗಕ್ಕೆ ಫೋನು ಹಚ್ಚಿ, ಅದು ಕೀಚಲು ಕೀಚಲಾಗಿ ಕೂಗಿ, ಆಮೇಲೆ ಇಂಟರ್ನೆಟ್ಟು ಬರುತ್ತಿತ್ತು. ಆ ಕೂಗು ಕೇಳಿದಾಗಲೆಲ್ಲ ಅಜ್ಜಿ ಯಮುನಮ್ಮ ಪಡಸಾಲೆಯಿಂದಲೇ, "ಶಿವಮೊಗ್ಗದ ದೆವ್ವ ಬಂತು, ಊಟಕ್ಕೆ ಹಾಕ್ರಿ" ಎನ್ನುತ್ತಿದ್ದಳು. ತನ್ನ ಮೋಟಾರು ವೈಂಡಿಂಗ್ ಅಂಗಡಿಗೆ ಬರಬೇಕಾದ ಫೋನುಗಳೆಲ್ಲ ಮನೆ ಬಾಗಿಲಿಂದ ವಾಪಸ್ಸು ಹೋಗುತ್ತವೆಂದು ವೀರಬಸಪ್ಪ ಗೊಣಗುತ್ತಿದ್ದನೇ ಹೊರತು, ಒಂದು ದಿನವೂ ತಂತಿ ಕೀಳು ಎನ್ನಲಿಲ್ಲ.

ರೇಡಿಯೋ ಬಟನ್ನುಗಳಲ್ಲಿ ಗಂಗಾಶ್ರೀ ಊರುಗಳನ್ನು ತುಂಬಿಟ್ಟಿದ್ದಳು. ಒಂದನ್ನು ಒತ್ತಿದರೆ ಅಜ್ಜಿಯ ಬೆಳಗಿನ ವಚನಗಳಿಗೆ ಭದ್ರಾವತಿ. ಎರಡನ್ನು ಒತ್ತಿದರೆ ಧಾರವಾಡ. ಐದು ಮಾತ್ರ ಅಮ್ಮನದು. ಸಂಜೆ ದೀಪ ಹಚ್ಚಿ ನಿರ್ಮಲಮ್ಮ ರೊಟ್ಟಿ ತಟ್ಟಲು ಕೂತಾಗ, ಮಗಳು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಐದನ್ನು ಒತ್ತುತ್ತಿದ್ದಳು. ಸಮುದ್ರದ ಸದ್ದಿನಂಥ ಗದ್ದಲದ ನಡುವೆ, ಒಂದರ ಹಿಂದೊಂದು ಗಂಟೆಗಳು ಕೇಳುತ್ತಿದ್ದವು. ಅದೊಂದು ಪುಟ್ಟ ರಾಗ. ಆಮೇಲೆ ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಹೆಂಗಸಿನ ಮಾತು, ನಮಸ್ಕಾರ ಹೇಳಿದ ಹಾಗೆ.

ಯಾವ ಊರೇ ಅದು ಎಂದು ನಿರ್ಮಲಮ್ಮ ಕೇಳಿದ್ದಕ್ಕೆ ಮಗಳು ನಕ್ಕಿದ್ದಳು. ನೀನೇ ಹೇಳು, ಸೋತೆ ಅಂದರೆ ಹೇಳ್ತೀನಿ. ಅಂದಿನಿಂದ ಅದೇ ಆಟ. ನಿರ್ಮಲಮ್ಮ ಮೊದಲ ದಿನ ಕಾಶಿ ಎಂದಳು. ಆಮೇಲೆ ನೇಪಾಳ, ಲಂಕೆ, ರಷ್ಯಾ ಎಲ್ಲವೂ ಆದವು. ತನಗೆ ಗೊತ್ತಿದ್ದ ದೇಶಗಳು ಮುಗಿದ ಮೇಲೆ, ಸೊರಬದ ಬಸ್‌ಸ್ಟ್ಯಾಂಡು ಎಂದಳು, ತವರೂರು ಜಡೆ ಎಂದಳು. ಪ್ರತಿ ಸಲವೂ ಮಗಳು ಕಣ್ಣರಳಿಸಿ, ಒಂದು ಕ್ಷಣ ಕಾಯಿಸಿ, "ಅಲ್ಲ" ಎನ್ನುತ್ತಿದ್ದಳು. ಸೋತೆ ಎಂದು ನಿರ್ಮಲಮ್ಮ ಒಂದು ಸಲವೂ ಅನ್ನಲಿಲ್ಲ. ಅಂದರೆ ಆಟ ಮುಗಿಯುತ್ತದಲ್ಲ. ಇಬ್ಬರೂ ಅದನ್ನು ಗಂಟೆಯ ಊರು ಎಂದೇ ಕರೆದರು.

ಆ ರೇಡಿಯೋಗೆ ಒಂದು ಚಟವಿತ್ತು. ಸೆಲ್ ತೆಗೆದು ತಡಮಾಡಿದರೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ಸೆಲ್ ಬದಲಾಯಿಸುವಾಗ ತಾಯಿ ಹಳೆಯದನ್ನು ಕೀಳುತ್ತಿದ್ದಂತೆ ಮಗಳು ಹೊಸದನ್ನು ತೂರಿಸುವಳು. ಬೇಗ ಅಮ್ಮ, ಬೇಗ, ಮರೆತುಬಿಡ್ತದೆ ಎಂದು ಇಬ್ಬರೂ ನಕ್ಕು ನಕ್ಕು ಸುಸ್ತಾಗುವರು. ಹೆಚ್ಚು ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ, ಅದೊಂದೇ ಪುಣ್ಯ.

ಶ್ರಾವಣ ಮುಗಿಯುವ ಮೊದಲೇ ಗಂಗಾಶ್ರೀ ಹೋದಳು. ಮಧ್ಯಾಹ್ನ ಮಲಗಿದ್ದವಳನ್ನು ಕಾಫಿಗೆ ಎಬ್ಬಿಸಲು ಹೋದರೆ ಏಳಲಿಲ್ಲ.

ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. ಶಿವಮೊಗ್ಗದ ದೆವ್ವ ಮತ್ತೆ ಬರಲಿಲ್ಲ. ಆದರೆ ರೊಟ್ಟಿಯ ಹೊತ್ತಿಗೆ ನಿರ್ಮಲಮ್ಮ ಹಿಟ್ಟಿನ ಕೈ ಒರೆಸಿಕೊಂಡು ಐದನ್ನು ಒತ್ತುವುದನ್ನು ಬಿಡಲಿಲ್ಲ. ಗಂಟೆ ಕೇಳಿದಾಗ ಮನಸ್ಸಿನಲ್ಲೇ ಒಂದು ದೇಶದ ಹೆಸರು ಹೇಳುವಳು. ಹೊಸ್ತಿಲ ಕಡೆ ನೋಡುತ್ತಿರಲಿಲ್ಲ. ನೋಡದಿದ್ದರೆ ಅಲ್ಲಿ ಯಾರೋ ಒರಗಿ ಕೂತ ಹಾಗೇ ಇರುತ್ತಿತ್ತು.

ದೀಪಾವಳಿಗೆ ವಾರವಿರುವಾಗ ಒಂದು ಸಂಜೆ ಐದನ್ನು ಒತ್ತಿದರೆ ಬರೀ ಸುಯ್ಯೆನ್ನುವ ಸದ್ದು. ಗಂಟೆಯಿಲ್ಲ. ಸೆಲ್ಲು ಇಳಿದಿರಬೇಕೆಂದು ಊಟದ ಹೊತ್ತಿನಲ್ಲಿ ಅತ್ತೆಯ ಎದುರೇ ಗಂಡನಿಗೆ ಹೇಳಿದಳು. ಮರುದಿನ ಅಂಗಡಿಗೆ ಹೋಗಿ ಅವನಿಗೆ ಬುತ್ತಿ ಕೊಟ್ಟು, ಅಲ್ಲೇ ಪೇಟೆಯಲ್ಲಿ ಹೊಸ ಸೆಲ್ಲು ಕೊಂಡು ಮನೆಗೆ ಬಂದಳು.

ಆ ವರ್ಷ ಹಬ್ಬವಿಲ್ಲದಿದ್ದರೂ ಮನೆ ಧೂಳು ಹೊಡೆಯುವುದು ತಪ್ಪುತ್ತದೆಯೇ? ಯಮುನಮ್ಮ ಹಾಸಿಗೆ, ದಿಂಬು, ಗೋಣಿಚೀಲ ಎಲ್ಲವನ್ನೂ ಅಂಗಳಕ್ಕೆ ಹಾಕಿದ್ದಳು. ಕಟ್ಟೆಯ ಮೇಲೆ, ಚೆನ್ನಾಗಿ ಬಿಸಿಲು ಬೀಳುವಲ್ಲಿ, ರೇಡಿಯೋದ ಸೆಲ್ಲುಗಳನ್ನು ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ರೇಡಿಯೋ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಬ್ಯಾಟರಿ ದೀಪದ ಸೆಲ್ಲಾಗಲಿ, ಹಳೆಯ ದೊಡ್ಡ ರೇಡಿಯೋದ ಸೆಲ್ಲಾಗಲಿ, ಬಿಸಿಲು ಕಾಯಿಸಿದರೆ ಇನ್ನೆರಡು ದಿನ ಬರುತ್ತದೆ. ಆಕೆ ಜೀವಮಾನವಿಡೀ ಮಾಡಿಕೊಂಡು ಬಂದದ್ದು ಅದನ್ನೇ.

ನಿರ್ಮಲಮ್ಮ ನಿಂತಲ್ಲೇ ಹೊಸ ಸೆಲ್ಲು ತೂರಿಸಿದಳು. ಅಂಕಿಯ ಜಾಗದಲ್ಲಿ ಸೊನ್ನೆಗಳು ಮಿಣುಕಿದವು. ಐದರಲ್ಲಿ ಏನೂ ಇರಲಿಲ್ಲ. ಒಂದರಲ್ಲಿ ಭದ್ರಾವತಿಯೂ ಇರಲಿಲ್ಲ.

ಅವಳು ದನಿ ಎತ್ತಲಿಲ್ಲ. ಎತ್ತಿದ್ದರೇ ಒಳ್ಳೆಯದಿತ್ತೇನೋ.

"ಅವಳ ಕೈ ಮಾಡಿಟ್ಟಿದ್ದು ಅದೊಂದೇ ಉಳಿದಿತ್ತು ಅತ್ತೆ. ಅದನ್ನೂ ಅಳಿಸಿಬಿಟ್ರಿ."

ಯಮುನಮ್ಮ ಕೈಯಲ್ಲಿದ್ದ ದಿಂಬನ್ನು ಎದೆಗೊತ್ತಿಕೊಂಡು ನಿಂತಳು. "ಸೆಲ್ಲಿಗೆ ಜೀವ ಬರ್ಲಿ ಅಂತ ಇಟ್ಟೆನವ್ವ" ಎಂದಳು, ಅಷ್ಟೇ.

ಅವತ್ತಿನಿಂದ ಮುದುಕಿ ಸ್ವಂತ ಮನೆಯಲ್ಲಿ ನೆಂಟಳಾದಳು. ಮೊರ ಮುಟ್ಟುವ ಮೊದಲು "ಇದನ್ನ ತಗೊಳ್ಳೇನವ್ವ?" ಎಂದು ಕೇಳುವಳು. ಪೊರಕೆಗೂ ಕೇಳುವಳು, ಕುಡಿಯುವ ನೀರಿನ ತಂಬಿಗೆಗೂ ಕೇಳುವಳು. ಬೆಳಿಗ್ಗೆ ವಚನ ಕೇಳಬೇಕೆಂದು ಬಾಯಿ ಬಿಡಲಿಲ್ಲ. ನಿರ್ಮಲಮ್ಮನಿಗೆ ಪ್ರತಿ ಸಲವೂ ಕೇಳಬೇಡಿ ಅತ್ತೆ ಎನ್ನಬೇಕೆನಿಸುತ್ತಿತ್ತು. ಆದರೂ "ಹೂಂ" ಎನ್ನುವುದನ್ನು ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ಭಾನುವಾರ ಚನ್ನೇಶ್ ಬಂದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗಂಟೆ ನಿಂತದ್ದು ಸೆಲ್ ತೆಗೆಯುವ ಮೊದಲೋ ಆಮೇಲೋ ಎಂದು ಕೇಳಿದ. ಹಿಂದಿನ ಸಂಜೆಯೇ ನಿಂತಿತ್ತು ಎಂದಳು.

"ಹಂಗಾದ್ರೆ ಅತ್ತೆಯೋರು ಕಳೆದಿದ್ದಲ್ಲ ಅಕ್ಕಾ ಅದು. ದೂರದ ಸ್ಟೇಷನ್ನುಗಳು ಚಳಿಗಾಲಕ್ಕೊಂದು, ಬೇಸಿಗೆಗೊಂದು ಜಾಗ ಬದಲಾಯಿಸ್ತಾವೆ. ಹೊಸ ನಂಬರು ಯಾವ್ದು ಅಂತ ಗಂಗಿ ಇಂಟರ್ನೆಟ್ಟಲ್ಲಿ ನೋಡಿ ಮತ್ತೆ ತುಂಬ್ಕೋತಿದ್ಲು. ಯುಗಾದಿ ಹೊತ್ತಿಗೂ ಹಂಗೇ ಮಾಡಿದ್ಲು. ಈ ಸಲ ತುಂಬೋರು ಇರ್ಲಿಲ್ಲ."

ನಿರ್ಮಲಮ್ಮ ರೇಡಿಯೋವನ್ನು ಎತ್ತಿಕೊಂಡು ಐದರ ಬಟನ್ನು ನೋಡಿದಳು. ಹಾಗಾದರೆ ಮುದುಕಿ ಬಿಸಿಲಿಗಿಟ್ಟಾಗ ಆ ಐದನೇ ಮನೆಯಲ್ಲಿ ಯಾರೂ ಇರಲಿಲ್ಲ. ಆಗಲೇ ಖಾಲಿಯಾಗಿತ್ತು.

ಹುಡುಕೋಣ ಎಂದು ಚನ್ನೇಶ್ ಬಟ್ಟೆ ಸರಿಸಿ ಕಂಪ್ಯೂಟರು ಹಚ್ಚಿದ. ಫೋನು ಕೀಚಲಾಗಿ ಕೂಗಿತು. ಪಡಸಾಲೆಯಿಂದ ಮಾತು ಬರಬಹುದೆಂದು ಇಬ್ಬರೂ ಒಂದು ಕ್ಷಣ ಕಾದರು. ಬರಲಿಲ್ಲ. ಪರದೆಯ ಮೇಲೆ ಸಾಲು ಸಾಲಾಗಿ, ತಡೆತಡೆದು, ಆ ಹೊತ್ತಿನ ಸ್ಟೇಷನ್ನುಗಳೆಲ್ಲ ಇಳಿದವು. ಒಂದೊಂದು ದೇಶಕ್ಕೆ ಹತ್ತಾರು. ಹೆಸರು ಹೇಳು ಅಕ್ಕಾ, ನಂಬರು ಹೇಳ್ತೀನಿ ಎಂದ ಚನ್ನೇಶ್.

ಹೆಸರು ಗೊತ್ತಿಲ್ಲವಲ್ಲ. ಗಂಟೆ ಗೊತ್ತು. ಸೋತೆ ಎಂದು ಒಂದೇ ಒಂದು ಸಲ ಅಂದಿದ್ದರೆ ಹೆಸರೂ ಗೊತ್ತಿರುತ್ತಿತ್ತು.

ಒಂದೊಂದೇ ನೋಡಬಹುದು, ತಿಂಗಳುಗಟ್ಟಲೆ ಆದೀತು, ಸೊರಬದಲ್ಲಿ ಪ್ರಿಂಟು ತೆಗೆದು ಕಳಿಸುತ್ತೇನೆ ಎಂದು ಹೇಳಿ ಅವನು ಕೊನೆಯ ಬಸ್ಸಿಗೆ ಹೊರಟ. ಹೋಗುವ ಮುಂಚೆ ಒಂದರಲ್ಲಿ ಭದ್ರಾವತಿಯನ್ನು ತುಂಬಿಕೊಟ್ಟ.

ನಿರ್ಮಲಮ್ಮ ರೊಟ್ಟಿಗೆ ಒಲೆ ಹಚ್ಚಿದಳು. ಆಮೇಲೆ ಎದ್ದು ಪಡಸಾಲೆಗೆ ಹೋಗಿ ರೇಡಿಯೋವನ್ನು ಅತ್ತೆಯ ಮಡಿಲಲ್ಲಿಟ್ಟಳು.

"ನೀವು ಅಳಿಸಿದ್ದಲ್ಲ ಅತ್ತೆ. ಅದು ಮೊದಲೇ ಹೋಗಿತ್ತಂತೆ. ನಾನು ತಿಳೀದೆ ಅಂದೆ."

ಯಮುನಮ್ಮ ಅದನ್ನು ಸೆರಗಿನಿಂದ ಒರೆಸಿದಳು, ಏನನ್ನೂ ಒತ್ತಲಿಲ್ಲ. "ಒಳಗೆ ಬನ್ನಿ, ಒಲೆ ಹತ್ರ ಬೆಚ್ಚಗಿದೆ" ಎಂದು ಸೊಸೆ ಕರೆದಾಗ ನಿಧಾನಕ್ಕೆ ಎದ್ದು ಬಂದು, ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತಳು. ಅದೇ ಜಾಗ.

ಮೊದಲ ರೊಟ್ಟಿ ಬೇಯುತ್ತಿರುವಾಗ ಮುದುಕಿ ಗುನುಗತೊಡಗಿದಳು. ನಿರ್ಮಲಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಗಂಟೆಯ ರಾಗ ಅದು. ಪಡಸಾಲೆಯಲ್ಲಿ ಕೂತು ದಿನವೂ ಕೇಳಿಸಿಕೊಂಡಿದ್ದಳು ಈಕೆಯೂ. ಯಾರೂ ಅವಳನ್ನು ಆಟಕ್ಕೆ ಕರೆದಿರಲಿಲ್ಲ, ಅಷ್ಟೇ. ಕೊನೆಯಲ್ಲೊಂದು ಕಡೆ ಮಾತ್ರ ತಪ್ಪಿತು.

"ಅಲ್ಲಿ ಇಳೀತದೆ ಅತ್ತೆ" ಎಂದು ನಿರ್ಮಲಮ್ಮ ಹೇಳಿಕೊಟ್ಟಳು. ಮುದುಕಿ ಮತ್ತೊಮ್ಮೆ ಗುನುಗಿದಳು. ಈ ಸಲ ಇಳಿಯಿತು.

"ಯಾವೂರಿಂದು ನಿರ್ಮಲಾ ಅದು?"

ನಿರ್ಮಲಮ್ಮ ಹೆಂಚಿನ ಕಡೆಯೇ ನೋಡುತ್ತಿದ್ದಳು. "ನೀವೇ ಹೇಳಿ ಅತ್ತೆ."

ಯಮುನಮ್ಮ ಯೋಚಿಸಿದಳು. "ಕಾಶಿ ಇರಬೇಕು."

ನಿರ್ಮಲಮ್ಮ ಒಂದು ಕ್ಷಣ ಕಾಯಿಸಿದಳು. ಹಾಗೆ ಕಾಯಿಸುವುದು ಎಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ.

"ಅಲ್ಲ" ಎಂದಳು.