ಇಬ್ಬರ ಕೈಗೂ ಒಂದೇ ಹಿಡಿಕೆ

ಹಡಗಿನ ಎಂಜಿನ್ ಕೋಣೆಯ ಕೆಲಸಕ್ಕೆ ಹೊರಡುವಾಗ ಗಂಡ ಹೆಂಡತಿಗೆ ಎರಡು ಜವಾಬ್ದಾರಿ ಒಪ್ಪಿಸಿ ಹೋಗಿದ್ದ. ಒಂದು, ಇನ್ನೂ ಹಲ್ಲು ಮೂಡದ ಮಗಳು. ಇನ್ನೊಂದು, ರೀಲು ಹಾಕುವ ಪುಟ್ಟ ಕ್ಯಾಮೆರಾ. ಮಗಳನ್ನು ಹಿಡಿಯುವುದು ಅವಳಿಗೆ ಬೇಗ ರೂಢಿಯಾಯಿತು. ಕ್ಯಾಮೆರಾ ಮಾತ್ರ ಕೈಗೆ ಒಗ್ಗಲೇ ಇಲ್ಲ.

ಅದು ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ ನುಣುಪು. ಬೆರಳಿಗೆ ಆಸರೆಯಾಗುವ ಒಂದು ಏಣೂ ಅದರ ಮೈಮೇಲೆ ಇರಲಿಲ್ಲ. ಗಂಡನ ಅಗಲವಾದ ಅಂಗೈಯಲ್ಲಿ ಅದು ಗೂಡಿನಲ್ಲಿ ಹಕ್ಕಿ ಕೂತ ಹಾಗೆ ಕೂರುತ್ತಿತ್ತು. ಅವಳದು ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ದಿನವಿಡೀ ಹಬೆಯಲ್ಲಿ ಬೆಂದು ಬೆರಳ ತುದಿಗಳು ಸವೆದು ಜಾರುತ್ತಿದ್ದವು, ಸಂಜೆಯ ಹೊತ್ತಿಗೆ ಕೈ ಇಸ್ತ್ರಿಪೆಟ್ಟಿಗೆ ಹಿಡಿದ ಆಕಾರದಲ್ಲೇ ಮರಗಟ್ಟಿರುತ್ತಿತ್ತು. ಆ ಕೈಯಲ್ಲಿ ಕ್ಯಾಮೆರಾವನ್ನು ಚಿಮಟದಲ್ಲಿ ಹಿಡಿದ ಹಾಗೆ ತುದಿಬೆರಳಲ್ಲಿ ಹಿಡಿದು ಗುಂಡಿ ಒತ್ತಿದರೆ, ಒತ್ತಿದ ಕ್ಷಣಕ್ಕೆ ಸರಿಯಾಗಿ ಅದು ಕೆಳಗೆ ತಗ್ಗುತ್ತಿತ್ತು. ಮನೆಯೊಳಗಿನ ಮಂದ ಬೆಳಕಿನಲ್ಲಿ ತೆಗೆದ ಒಂದು ಫೋಟೊವೂ ಅಲುಗದೆ ಬರುತ್ತಿರಲಿಲ್ಲ.

ಆದರೂ ಅವಳು ಬಿಡದೆ ಹಡಗಿನ ಕಂಪನಿಯ ಆಫೀಸಿನ ವಿಳಾಸಕ್ಕೆ ಫೋಟೊ ಕಳಿಸುತ್ತಿದ್ದಳು. ಹಡಗು ಯಾವುದಾದರೂ ಬಂದರಿಗೆ ತಾಗಿದಾಗ ಅವು ಅವನ ಕೈಸೇರುತ್ತಿದ್ದವು, ಅಲ್ಲಿಂದಲೇ ಅವನು ಫೋನು ಮಾಡುತ್ತಿದ್ದ.

“ಮಗೂನ ನೋಡ್ದೆ ಕಣೆ,” ಎಂದ ಒಂದು ಸಲ. “ಅಂದ್ರೆ, ಮಗು ಇದ್ದ ಜಾಗ ನೋಡ್ದೆ. ಮಂಜಲ್ಲಿ ಏನೋ ಓಡಿಹೋದ ಹಾಗಿತ್ತು.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವನ ದನಿ ತಗ್ಗಿತು.

“ನಿಜ ಹೇಳ್ಲಾ? ಅವಳ ಮುಖ ಹೇಗಿದೆ ಅಂತ ನಂಗೆ ಗೊತ್ತಿಲ್ಲ. ಬಿಟ್ಟು ಬಂದಾಗ ಇದ್ದ ಮುಖಾನೇ ಕಣ್ಮುಂದೆ ಇದೆ. ಅದು ಈಗ ಎಲ್ಲೂ ಇರಲ್ಲ ಅಲ್ವಾ?”

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮನೆಯಲ್ಲಿ ಅತ್ತೆ ಇದ್ದರು. ಜೀವಮಾನವಿಡೀ ದರ್ಜಿ ಅಂಗಡಿಯಲ್ಲಿ ಭಾರದ ಕತ್ತರಿ ಹಿಡಿದು ಬಟ್ಟೆ ಕತ್ತರಿಸಿದವರು. ಹೆಬ್ಬೆರಳ ಬುಡ ಊದಿಕೊಂಡು ಈಗ ಆ ಕೆಲಸ ಬಿಟ್ಟಿದ್ದರು. ಬಾಯಿ ಮಾತ್ರ ಕತ್ತರಿಗಿಂತ ಹರಿತ. ಕ್ಯಾಮೆರಾದ್ದೇ ತಪ್ಪು ಎಂದು ಸೊಸೆ ಗೊಣಗಿದಾಗ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊಡು ಇಲ್ಲಿ,” ಎಂದು ತಾವೇ ಇಸಿದುಕೊಂಡರು. ಅದು ಅವರ ಕೈಯಿಂದ ಮೀನಿನಂತೆ ನುಣುಚಿ ಹಾಸಿಗೆಯ ಮೇಲೆ ಬಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು.

“ಇಲ್ಲ ಕಣೆ,” ಎಂದರು ಕೊನೆಗೆ. “ನೆಲಾನೇ ಡೊಂಕು.”

ರಜೆಯ ದಿನ ಇಬ್ಬರೂ ಮಗುವನ್ನೆತ್ತಿಕೊಂಡು ಕ್ಯಾಮೆರಾ ಅಂಗಡಿಗೆ ಹೋದರು. ಇಂಥ ಸಣ್ಣ ಕ್ಯಾಮೆರಾಗಳಿಗೆ ಅಡಿಯಿಂದ ತಿರುಪು ಹಾಕಿ ಕೂರಿಸುವ ಹಿಡಿಕೆಗಳು ಬರುತ್ತವೆಂದು ಅವಳಿಗೆ ಗೊತ್ತಾದದ್ದೇ ಅಲ್ಲಿ. ಅಂಗಡಿಯವರು ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ಹೊರಗಿಟ್ಟರು. ಮಾತಿನಲ್ಲೇ ಅರಮನೆ ಕಟ್ಟುವ ಮನುಷ್ಯ.

“ಇದು ನೋಡಿ ಮೇಡಂ, ತೊಗಲು ಸುತ್ತಿರೋದು. ಕೈಗೆ ಹಾಕ್ಕೊಂಡ್ರೆ ರಾಣಿ ಥರ ಕಾಣ್ತೀರ.”

“ರಾಣಿ ಆಗೋದು ಆಮೇಲಾಗ್ಲಿ, ಫೋಟೊ ಅಲುಗದೆ ಬರತ್ತಾ?” ಎಂದರು ಅತ್ತೆ.

ತೊಗಲಿನದು ನೋಡಲು ಚೆಂದ, ಆದರೆ ಬೆವರಿದ ಕೈಗೆ ಅದೂ ಜಾರಿತು. ಎರಡನೆಯದನ್ನು ಕೂರಿಸಿದರೆ ರೀಲು ಹಿಂದಕ್ಕೆ ಸುತ್ತುವಾಗ ಒತ್ತುವ ಅಡಿಯ ಗುಂಡಿಯೇ ಮುಚ್ಚಿಹೋಗುತ್ತಿತ್ತು. ಪ್ರತಿ ರೀಲಿಗೂ ಬಿಚ್ಚಿ ಹಾಕಬೇಕು. ಮೂರನೆಯದು ಮರದ್ದು, ಸಪೂರ. ಅದರ ಒಳಬಾಗಿನಲ್ಲಿ ಅವಳ ನಡುಬೆರಳು ತಾನಾಗಿಯೇ ಹೋಗಿ ಕೂತಿತು. ಕ್ಯಾಮೆರಾದ ಭಾರವೆಲ್ಲ ಆ ಬೆರಳಿಗೆ ಇಳಿದು, ಗುಂಡಿ ಒತ್ತುವ ತೋರುಬೆರಳು ಹಗುರಾಯಿತು.

“ಇದೇ ಸಾಕು,” ಎಂದಳು.

“ಸಾಕು ಅನ್ನೋಕೆ ಇಷ್ಟು ಬೇಗನಾ? ಕತ್ತರಿ ಅಂಗಡೀಲಿ ಎಲ್ಲಾ ಕತ್ತರೀನೂ ಹಗುರಾನೇ. ನೋವು ಗೊತ್ತಾಗೋದು ಸಂಜೆಗೆ. ಹಾಗೇ ಕಣ್ಣಿಗೆ ಹಿಡ್ಕೊಂಡು ನಿಂತಿರು, ನಾನು ಹೇಳೋವರೆಗೂ ಇಳಿಸ್ಬೇಡ.”

ಸೊಸೆ ಕ್ಯಾಮೆರಾ ಕಣ್ಣಿಗೊತ್ತಿಕೊಂಡು ನಿಂತಳು. ಅತ್ತೆ ಕುರ್ಚಿಯಲ್ಲಿ ಕೂತು ಮೊಮ್ಮಗಳಿಗೆ ಹಾಡು ಹೇಳಿದರು, ಅಂಗಡಿಯವರ ಮಗಳ ಮದುವೆಯ ವಿಚಾರ ಕೇಳಿದರು, ಅವರ ಅಂಗಿಯ ಕಾಲರು ಹೊಲಿದ ದರ್ಜಿಯನ್ನು ಬೈದರು. ಅಷ್ಟಾದರೂ ಸೊಸೆಯ ಕೈ ನೋಯಲಿಲ್ಲ. ಆಗ ಕೊಂಡರು.

ಮುಂದಿನ ರೀಲು ತೊಳೆಸಿ ತಂದಾಗ ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ಲಕೋಟೆ ಬಿಚ್ಚಿದಳು. ಮಗುವಿನ ಕೆಳದವಡೆಯಲ್ಲಿ ಅಕ್ಕಿಕಾಳಿನಂಥ ಹಲ್ಲುಗಳು. ಅತ್ತೆಯ ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ ದಾರದ ಒಂದೊಂದು ಸುತ್ತೂ ಕಾಣುತ್ತಿತ್ತು. ದಾರಿಯುದ್ದಕ್ಕೂ ಅವುಗಳನ್ನು ನೋಡುತ್ತಲೇ ಬಂದು ಒಬ್ಬರಿಗೆ ಡಿಕ್ಕಿ ಹೊಡೆದು ಬೈಸಿಕೊಂಡಳು.

ಫೋಟೊ ತಲುಪಿ ಅವನು ಫೋನು ಮಾಡಿದಾಗ ಅವನ ದನಿಯೇ ಬೇರೆಯಾಗಿತ್ತು. “ಕಿವಿ ನಂದೇ ಕಣೆ, ನೋಡಿದ್ಯಾ? ಹಲ್ಲು ಎಷ್ಟು ಚೂಪಾಗಿದೆ! ಅಮ್ಮ ಯಾಕೆ ಇಷ್ಟು ಸೊರಗಿದಾಳೆ? ಸರಿಯಾಗಿ ಊಟ ಮಾಡ್ತಾಳಾ? ಗೋಡೆಗೆ ಬಣ್ಣ ಹೊಡೆಸಿದ್ರಾ? ಕಿಟಕಿ ಪರದೆ ಹೊಸದಾ?” ಎಂದು ಉಸಿರು ಬಿಡದೆ ಕೇಳಿದ. ಅವಳು ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಒಂದು ಪ್ರಶ್ನೆ ಇನ್ನೂ ಬರಬೇಕಿದೆ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಪರದೆಯ ಬಗ್ಗೆ ಇನ್ನೂ ಸ್ವಲ್ಪ ಮಾತಾಡಿ ಅವನು ಫೋನಿಟ್ಟ.

ಮರುದಿನ ಲಾಂಡ್ರಿಯಲ್ಲಿ ಅವನದೇ ಅಳತೆಯ ಒಂದು ಅಂಗಿ ಅವಳ ಮೇಜಿಗೆ ಬಂತು. ಯಾರದೋ ಬಿಳಿಯ ಅಂಗಿ. ತೋಳನ್ನು ಹರಡಿ, ಭುಜದ ಹೊಲಿಗೆಯನ್ನು ಅಂಗೈಯಿಂದ ಸವರಿ, ಇಸ್ತ್ರಿಯನ್ನು ಮೆಲ್ಲಗೆ ಎಳೆದಳು. ಪಕ್ಕದ ಮೇಜಿನ ಗೆಳತಿ, “ಏನೇ, ಅದಕ್ಕೆ ಜೋಗುಳ ಹಾಡ್ತಿದೀಯಾ?” ಎಂದು ನಕ್ಕಳು. ಅವಳಿಗೂ ನಗು ಬಂತು. ಆದರೆ ಅಂಗಿಯನ್ನು ಮಡಿಸಿ ಉಳಿದ ಬಟ್ಟೆಗಳ ಮೇಲಿಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆಯ ಕಣ್ಣು ಮಂಜಾಗಿದ್ದರೂ ಕಾಣಬೇಕಾದ್ದು ಕಾಣುತ್ತಿತ್ತು. ಒಂದು ಸಂಜೆ ಫೋಟೊಗಳ ಎರಡನೆಯ ಪ್ರತಿಗಳನ್ನೆಲ್ಲ ಇಸ್ಪೀಟೆಲೆ ಹರಡಿದ ಹಾಗೆ ಹಾಸಿಗೆಯ ಮೇಲೆ ಹರಡಿಕೊಂಡು ಕೂತರು.

“ಮಗು ಇದೆ. ನಾನಿದೀನಿ. ಪಕ್ಕದ ಮನೆ ಬೆಕ್ಕೂ ಇದೆ. ನೀನೆಲ್ಲಿದೀಯೆ?”

“ಫೋಟೊ ತೆಗೆಯೋಳು ಫೋಟೊದಲ್ಲಿ ಹೇಗಿರ್ತಾಳೆ ಅತ್ತೆ?”

“ಅವನು ಕೇಳ್ಲಿಲ್ವಾ?”

ಸೊಸೆ ಪಾತ್ರೆ ತೊಳೆಯಲು ಎದ್ದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

“ಕತ್ತೆ!” ಎಂದರು ಅತ್ತೆ, ಗಟ್ಟಿಯಾಗಿಯೇ. ಅದು ಸಮುದ್ರದ ಮೇಲಿದ್ದ ಮಗನಿಗೆ. ಆಮೇಲೆ ಕ್ಯಾಮೆರಾ ತೆಗೆದುಕೊಂಡು ಮರದ ಹಿಡಿಕೆಗೆ ತಮ್ಮ ಕೈ ಹೊಂದಿಸಲು ನೋಡಿದರು. ಸೊಸೆಯ ಬೆರಳಿಗೆ ಅಳತೆ ತೆಗೆದಂತಿದ್ದ ಆ ಸಪೂರ ಹಿಡಿಕೆ ಅವರ ಕೈಯಲ್ಲಿ ಕಡ್ಡಿಯಾಯಿತು. ಊದಿದ ಹೆಬ್ಬೆರಳು ಅಷ್ಟು ಮಡಚಿಕೊಳ್ಳಲು ಒಪ್ಪಲಿಲ್ಲ. ಹಲ್ಲು ಕಚ್ಚಿ ಹಿಡಿದರೆ ಕೈಯೆಲ್ಲ ನಡುಗಿತು.

“ಬಿಡಿ ಅತ್ತೆ, ಯಾಕೆ ನೋಯಿಸ್ಕೊಳ್ತೀರ?”

“ನಾಳೆ ನಿನ್ನ ಕೆಲಸ ಮುಗಿದ ಮೇಲೆ ಅಂಗಡಿಗೆ ಹೋಗೋಣ. ಇದನ್ನ ಬದಲಾಯಿಸ್ಬೇಕು.”

“ಇದು ನನ್ನ ಕೈಗೆ ಸರಿಯಾಗಿದೆಯಲ್ಲ!”

“ಅದೇ ಬಂದಿರೋ ತೊಂದರೆ,” ಎಂದರು ಅತ್ತೆ.

ಅಂಗಡಿಯವರು ಹಿಡಿಕೆಯನ್ನು ಹಿಂದುಮುಂದು ತಿರುಗಿಸಿ ನೋಡಿದರು. “ಒಳ್ಳೇದನ್ನೇ ಕೊಟ್ಟಿದ್ನಲ್ಲ. ಈಗ ಯಾರ ಕೈಗೆ ಬೇಕು?”

“ಇಬ್ಬರ ಕೈಗೂ,” ಎಂದರು ಅತ್ತೆ.

“ಅಮ್ಮಾ, ನಿಮ್ಮದು ಹೂಕೋಸು, ಅವರದು ಬೆಂಡೆಕಾಯಿ. ಎತ್ತು ಏರಿಗೆ, ಕೋಣ ನೀರಿಗೆ ಅಂದ್ರೆ ನಾನೇನು ಮಾಡ್ಲಿ?”

“ಒಂದೇ ಮನೇಲಿ ಅತ್ತೆ ಸೊಸೆ ಹೊಂದ್ಕೊಂಡು ಹೋಗ್ತಿದೀವಿ, ಒಂದು ಹಿಡಿಕೆ ಹೊಂದ್ಕೊಳ್ಳಲ್ವಾ? ತೆಗೀರಿ ಹೊರಗೆ, ಇರೋದೆಲ್ಲಾ.”

ಇದ್ದದ್ದೆಲ್ಲ ಹೊರಬಂತು. ಅತ್ತೆಗೆ ಹಿತವಾದದ್ದು ಸೊಸೆಯ ಬೆರಳಿಗೆ ದೂರ, ಸೊಸೆಗೆ ಹಿತವಾದದ್ದು ಅತ್ತೆಗೆ ಇಕ್ಕಟ್ಟು. ಕೊನೆಗೆ ಒಂದು ರಬ್ಬರಿನದು ಸಿಕ್ಕಿತು. ನೋಡಲು ಕಪ್ಪಗೆ, ದಡ್ಡನಂತೆ ದಪ್ಪಗೆ, ಮೈತುಂಬ ಗೀರು. ಹಿಂಭಾಗದಲ್ಲಿ ಹೆಬ್ಬೆರಳು ಒರಗಿಸಲು ಒಂದು ಸಣ್ಣ ದಿಂಡು. ಅತ್ತೆ ಹಿಡಿದರು. ಬೆರಳು ಪೂರಾ ಮಡಚಬೇಕಾಗಿರಲಿಲ್ಲ. ಹೆಬ್ಬೆರಳು ದಿಂಡಿಗೆ ಒರಗಿ ಸುಮ್ಮನಾಯಿತು, ಕೈಯೂ ನಡುಗಲಿಲ್ಲ. ಆಮೇಲೆ ಸೊಸೆ ಹಿಡಿದಳು. ತೋರುಬೆರಳನ್ನು ಸ್ವಲ್ಪ ಚಾಚಿದರೆ ಗುಂಡಿ ಸಿಗುತ್ತಿತ್ತು.

“ನಿಂಗೆ ದಪ್ಪ ಆಯ್ತಲ್ಲ?” ಅತ್ತೆಯ ದನಿ ಮೆತ್ತಗಾಯಿತು.

“ಇಸ್ತ್ರಿಪೆಟ್ಟಿಗೆ ಹಿಡಿಯೋ ಕೈ ಇದು. ದಪ್ಪ ಏನು ಮಾಡತ್ತೆ?”

ಭಾನುವಾರ ಬೆಳಿಗ್ಗೆ ಅತ್ತೆ ಅವಳನ್ನು ಕಿಟಕಿಯ ಬಳಿ ನಿಲ್ಲಿಸಿದರು. ಎಷ್ಟೋ ಕಾಲದಿಂದ ಕ್ಯಾಮೆರಾದ ಹಿಂದೆಯೇ ಇದ್ದವಳಿಗೆ ಅದರ ಮುಂದೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಲಾಂಡ್ರಿಯ ಹಬೆ ತಾಳಲಾರದೆ ಬೇಸಿಗೆಯಲ್ಲಿ ಕತ್ತಿನವರೆಗೆ ಕತ್ತರಿಸಿಕೊಂಡಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು, ತೆಗೆದಳು, ಮತ್ತೆ ಸಿಕ್ಕಿಸಿದಳು.

“ಮುಖ ಗಂಟು ಹಾಕ್ಬೇಡ. ಬೆಳಕಿನ ಕಡೆ ತಿರುಗು. ಹಾಂ. ಈಗ ಕ್ಯಾಮೆರಾನ ನೋಡ್ಬೇಡ, ಅವನನ್ನ ನೋಡು.”

“ಎಲ್ಲಿದಾರೆ ಅತ್ತೆ ಅವರು, ನೋಡೋಕೆ?”

ನಗುತ್ತಲೇ ಕೇಳಿದ ಮಾತು ಕೊನೆಯಲ್ಲಿ ನಗುವಾಗಿ ಉಳಿಯಲಿಲ್ಲ. ಅತ್ತೆ ಆಗಲೇ ಗುಂಡಿ ಒತ್ತಿದರು.

ಫೋಟೊ ಬಂದಾಗ ಕಿಟಕಿ ಒಂದು ಕಡೆಗೆ ವಾಲಿತ್ತು, ಮೂಲೆಯಲ್ಲಿ ಅತ್ತೆಯ ಬೆರಳಿನ ನೆರಳು ಮೋಡದಂತೆ ಬಿದ್ದಿತ್ತು. ನಡುವೆ ಅವಳು. ಸ್ವಲ್ಪವೂ ಅಲುಗದೆ, ಸ್ವಲ್ಪ ತೆರೆದ ಬಾಯಿ, ಯಾರನ್ನೋ ಹುಡುಕುವ ಕಣ್ಣು. ಇದನ್ನು ಕಳಿಸುವುದು ಬೇಡವೆಂದು ಅವಳು ಹಟ ಹಿಡಿದಳು. ಅತ್ತೆ ತಾವೇ ಹೋಗಿ ಅಂಚೆಗೆ ಹಾಕಿ ಬಂದರು.

ಆಮೇಲೆ ಹಡಗು ಬಹಳ ಕಾಲ ನೀರಿನ ಮೇಲೆಯೇ ಇತ್ತು. ಫೋನು ಸದ್ದಾದಾಗಲೆಲ್ಲ ಅವಳು ಓಡುವಳು. ಲಾಂಡ್ರಿಯ ಯಜಮಾನರೋ, ತಪ್ಪು ನಂಬರಿನವರೋ ಆಗಿರುತ್ತಿದ್ದರು. ಫೋಟೊ ದಾರಿಯಲ್ಲಿ ಕಳೆದುಹೋಗಿದ್ದರೆ ಒಳ್ಳೆಯದು ಎಂದು ಒಂದು ದಿನ ಅನ್ನಿಸಿದರೆ, ಮರುದಿನ ಹಾಗೆ ಅನ್ನಿಸಿದ್ದಕ್ಕೇ ಹೆದರಿಕೆಯಾಗುತ್ತಿತ್ತು.

ಒಂದು ಮುಂಜಾನೆ ಅವನ ಫೋನು ಬಂತು. ಹಿಂದಿನಿಂದ ಕ್ರೇನುಗಳ ಗದ್ದಲ.

“ಕೂದಲು ಯಾವಾಗ ಕತ್ತರಿಸ್ಕೊಂಡೆ?”

ಅಮ್ಮ ಹೇಗಿದ್ದಾಳೆ, ಮಗು ಹೇಗಿದೆ, ಒಂದೂ ಇಲ್ಲ.

“ಬೇಸಿಗೇಲಿ,” ಎಂದಳು. “ಚೆನ್ನಾಗಿಲ್ವಾ?”

ಕ್ರೇನಿನ ಸದ್ದು ಮಾತ್ರ ಕೇಳುತ್ತಿತ್ತು. ಲೈನು ಕಡಿಯಿತೇನೋ ಎಂದು ಅವಳು “ಹಲೋ” ಎಂದಳು.

“ಇದೀನಿ,” ಎಂದ. “ಬೇಕು ಅಂತಲೇ ನಿನ್ನ ಫೋಟೊ ಕೇಳಿರ್ಲಿಲ್ಲ ಕಣೆ. ನೋಡಿದ್ರೆ ಇಲ್ಲಿ ಇರೋಕಾಗಲ್ಲ ಅಂತ ಗೊತ್ತಿತ್ತು.”

“ಈಗ?”

“ಈಗೇನು, ಇರೋಕಾಗ್ತಿಲ್ಲ. ರಜ ಕೇಳ್ದೆ. ಬೇರೆ ಜನ ಇಲ್ಲ, ಮುಂದಿನ ವರ್ಷದವರೆಗೂ ಆಗಲ್ಲ ಅಂದ್ರು.”

ಅವಳು ಗೋಡೆಗೆ ಹಣೆ ಆನಿಸಿ ನಿಂತಳು. ಅಳು ಬಂತು. ಮುಂದಿನ ವರ್ಷವೆಂದರೆ ಮಗು ಓಡಾಡುತ್ತಿರುತ್ತದೆ, ಮಾತಾಡುತ್ತಿರುತ್ತದೆ. ಆದರೂ ಅಷ್ಟು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಯಾವುದೋ ಗಂಟು ಸಡಿಲಾಗಿತ್ತು. ಕಾಯುವವಳು ತಾನೊಬ್ಬಳೇ ಅಲ್ಲ.

ಅವಳು ಫೋನಿಟ್ಟಾಗ ಅತ್ತೆ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದರು.

“ಏನಂತೆ ಅವನದು?”

“ನನ್ನ ಫೋಟೊ ಇನ್ನೊಂದು ಬೇಕಂತೆ,” ಎಂದಳು ಮೂಗು ಒರೆಸಿಕೊಳ್ಳುತ್ತ. “ತಲೆಯಿಂದ ಕಾಲಿನವರೆಗೂ ಕಾಣ್ಬೇಕಂತೆ.”

“ಹಾಗಾದ್ರೆ ನಾನು ಅಂಗಳದವರೆಗೂ ಹಿಂದಕ್ಕೆ ಹೋಗ್ಬೇಕಾಗತ್ತೆ,” ಎಂದು ಅತ್ತೆ ಮಗುವನ್ನು ಅವಳ ಕೈಗೆ ಕೊಟ್ಟು, ಕ್ಯಾಮೆರಾ ತರಲು ಒಳಗೆ ಹೋದರು.